ಗೀರು ಬಿದ್ದ ಬಂಪರಿನ ಅರ್ಥಶಾಸ್ತ್ರ

ಕಾರಿನ ಮೈಲೇಜು, ಬಣ್ಣ, ಸೀಟ್ ಕವರುಗಳ ಕುರಿತು ತಾಸುಗಟ್ಟಲೆ ಮಾತನಾಡಬಲ್ಲ ಮಾಲೀಕರು ಕೂಡ, ಗ್ಲೋವ್ ಬಾಕ್ಸಿನಲ್ಲಿ ನಾಲ್ಕಾಗಿ ಮಡಿಸಿಟ್ಟ ವಿಮಾ ಪಾಲಿಸಿಯನ್ನು ಬಿಡಿಸಿ ನೋಡುವುದು ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದಾಗ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಕಡ್ಡಾಯವಾಗಿರುವುದು ‘ಥರ್ಡ್ ಪಾರ್ಟಿ’ ವಿಮೆ, ಅಂದರೆ ಕಾರಿನಿಂದ ಅನ್ಯರ ಜೀವಕ್ಕೋ ಆಸ್ತಿಗೋ ಒದಗುವ ಹಾನಿಯನ್ನು ತುಂಬಿಕೊಡುವ ವಿಮೆ. ಇದರ ಪ್ರೀಮಿಯಂ ಅನ್ನು ಎಂಜಿನ್ನಿನ ಗಾತ್ರ ನೋಡಿ ಸರ್ಕಾರವೇ ನಿಗದಿಪಡಿಸುವುದರಿಂದ ಇಲ್ಲಿ ಚೌಕಾಸಿ ನಡೆಯದು. ಚೌಕಾಸಿಗೂ ಚಾತುರ್ಯಕ್ಕೂ ಎಡೆಯಿರುವುದು ‘ಓನ್ ಡ್ಯಾಮೇಜ್’ ಎಂಬ, ಸ್ವಂತ ಕಾರಿಗಾಗುವ ಹಾನಿಯ ಭಾಗದಲ್ಲಿ. ಎರಡನ್ನೂ ಕೂಡಿಸಿದ ಪಾಲಿಸಿಗೆ ಜನ ಫುಲ್ ಇನ್ಶೂರೆನ್ಸ್ ಎನ್ನುತ್ತಾರೆ. ಅದೊಂದಿದ್ದರೆ ಎಲ್ಲ ಖರ್ಚೂ ಬರುತ್ತದೆಂದು ನಂಬಿದವರಿಗೆ ಜ್ಞಾನೋದಯವಾಗುವುದು ಗ್ಯಾರೇಜಿನಲ್ಲಿ.

ಗೇಟಿನ ಕಂಬಕ್ಕೆ ಬಂಪರು ತಾಗಿಸಿಕೊಂಡ ಕಾರು ಮನೆಯ ಮುಂದೆ ನಿಂತೊಡನೆ, “ಇನ್ಶೂರೆನ್ಸ್ ಇದೆಯಲ್ಲ, ಮಾಡಿಸಿಬಿಡಿ” ಎಂಬ ಸಲಹೆ ಪಕ್ಕದ ಮನೆಯಿಂದ ಉಚಿತವಾಗಿ ಬರುತ್ತದೆ. ಗ್ಯಾರೇಜಿನವರಾದರೋ ಹಾನಿಯನ್ನು ನೋಡುವ ಮುನ್ನವೇ “ಇನ್ಶೂರೆನ್ಸಾ ಸಾರ್, ಕ್ಯಾಶಾ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರಿಸುವ ಮೊದಲು ಮಾಲೀಕರು ತಿಳಿದಿರಬೇಕಾದದ್ದು ಮೂರು ಸಂಗತಿಗಳನ್ನು. ಮೊದಲನೆಯದು ಡೆಪ್ರಿಸಿಯೇಶನ್, ಅಂದರೆ ಸವಕಳಿಯ ಕಡಿತ: ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳ ಬೆಲೆಯಲ್ಲಿ ಅರ್ಧ ಮಾತ್ರ ದೊರೆಯುತ್ತದೆ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನೊಂದಿಗೆ ಕಡಿತವೂ ಏರುತ್ತದೆ. ಎರಡನೆಯದು ‘ಡಿಡಕ್ಟಿಬಲ್’, ಎಂದರೆ ಪ್ರತಿ ಕ್ಲೈಮಿನಲ್ಲೂ ಮಾಲೀಕರೇ ತೆರಬೇಕಾದ ಮೊತ್ತ. 1500 ಸಿಸಿವರೆಗಿನ ಕಾರುಗಳಿಗೆ ಇದು ಕನಿಷ್ಠ 1000 ರೂಪಾಯಿ. ಮೂರನೆಯದು ‘ನೋ ಕ್ಲೈಮ್ ಬೋನಸ್’: ಕ್ಲೈಮ್ ಮಾಡದೆ ಕಳೆದ ವರ್ಷಗಳಿಗೆ ಪ್ರತಿಯಾಗಿ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45, 50ರಷ್ಟು ರಿಯಾಯಿತಿ ಸಿಗುತ್ತದೆ. ಒಂದೇ ಒಂದು ಕ್ಲೈಮ್ ಮಾಡಿದರೆ ಅದಷ್ಟೂ ಸೊನ್ನೆಗಿಳಿಯುತ್ತದೆ.

ಬಂಪರಿಗೆ 6000, ಬಣ್ಣಕ್ಕೆ 4000 ರೂಪಾಯಿಯ ಬಿಲ್ಲಾಯಿತೆಂದು ಇಟ್ಟುಕೊಂಡರೆ, ಬಂಪರಿನಲ್ಲಿ 3000 ಸವಕಳಿಗೆ ಹೋಗುತ್ತದೆ. ಬಣ್ಣದ ಒಟ್ಟು ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದು ಹಿಡಿದು ಅದರರ್ಧವನ್ನು ಕಳೆಯುವ ನಿಯಮದಿಂದ ಮತ್ತೆ 500 ಹೋಗುತ್ತದೆ. ಡಿಡಕ್ಟಿಬಲ್ ಕಳೆದ ಮೇಲೆ, ತೆರಿಗೆಯ ಮಾತು ಬಿಟ್ಟರೆ, ಕೈಗೆ ಬರುವುದು 5500. ಇನ್ನೊಂದು ತಕ್ಕಡಿಯಲ್ಲಿ, ರಿಯಾಯಿತಿಗೆ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ 12,000 ರೂಪಾಯಿ ಇದ್ದು ಮಾಲೀಕರು ಶೇ. 50ರ ಮೆಟ್ಟಿಲೇರಿ ಕುಳಿತಿದ್ದರೆ, ಮುಂದಿನ ವರ್ಷ ಅವರಿಗೆ 6000 ನಷ್ಟ. ಆಮೇಲೆ ಮತ್ತೆ 20ರಿಂದ ಒಂದೊಂದೇ ಮೆಟ್ಟಿಲು ಹತ್ತಬೇಕಾದ್ದರಿಂದ 3600, 3000, 1800, 600 ಎಂದು ನಷ್ಟ ಬೆಳೆದು, ಪ್ರೀಮಿಯಂ ಅದೇ ಮಟ್ಟದಲ್ಲಿದ್ದರೆ ಐದು ವರ್ಷಕ್ಕೆ ಒಟ್ಟು 15,000 ಆಗುತ್ತದೆ. ಪಕ್ಕದ ಮನೆಯವರ ಸಲಹೆಯಲ್ಲಿ ಈ 15,000 ಸೇರಿರುವುದಿಲ್ಲ.

ಪ್ರೀಮಿಯಂ ಇಳಿಸಲು ಬೇರೆ ಹಾದಿಗಳೂ ಉಂಟು. ತಾವಾಗಿಯೇ ಹೆಚ್ಚಿನ ಡಿಡಕ್ಟಿಬಲ್ ಒಪ್ಪಿಕೊಂಡರೆ ರಿಯಾಯಿತಿ ದೊರೆಯುತ್ತದೆ. ಸಣ್ಣ ಗೀರುಗಳಿಗೆ ಹೇಗೂ ಕ್ಲೈಮ್ ಮಾಡದವರಿಗೆ ಇದು ಒಪ್ಪುವ ವ್ಯವಹಾರ. ಆದರೆ ‘ಐಡಿವಿ’ಯನ್ನು, ಎಂದರೆ ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯವನ್ನು, ತಗ್ಗಿಸಿ ಕೆಲವು ನೂರು ರೂಪಾಯಿ ಉಳಿಸುವುದು ಜಾಣತನವಲ್ಲ, ಕಾರು ಕಳುವಾದರೆ, ಅಥವಾ ರಿಪೇರಿಯ ವೆಚ್ಚ ಐಡಿವಿಯ ಶೇ. 75 ಮೀರಿ ‘ಟೋಟಲ್ ಲಾಸ್’ ಎನಿಸಿದರೆ, ಪರಿಹಾರಕ್ಕೆ ಆಧಾರ ಆ ತಗ್ಗಿಸಿದ ಅಂಕಿಯೇ. ಹೊಸ ಕಾರಿಗೆ ಸವಕಳಿಯ ಕಡಿತ ತಪ್ಪಿಸುವ ‘ಬಂಪರ್ ಟು ಬಂಪರ್’ ಸೇರ್ಪಡೆಯನ್ನು ಕೊಳ್ಳುವವರು ಬಹಳ. ಆಯುಧಪೂಜೆಯಂದು ಟೈರಿನಡಿ ಇಡುವ ನಿಂಬೆಹಣ್ಣಿನಲ್ಲಷ್ಟೇ ನಂಬಿಕೆ ಇಟ್ಟವರೂ ಇದ್ದಾರೆ, ಅದಕ್ಕೆ ಷರತ್ತುಗಳಿಲ್ಲವೆಂಬುದೊಂದೇ ಅದರ ಹೆಚ್ಚುಗಾರಿಕೆ.

ವಿಮೆ ಹುಟ್ಟಿರುವುದೇ ಮಾಲೀಕರ ಕಿಸೆಗೆ ನಿಲುಕದ ದೊಡ್ಡ ಹಾನಿಗಾಗಿ. ಅಂಥಲ್ಲಿ ಬೋನಸ್ಸಿನ ಮುಖ ನೋಡಿ ಹಿಂಜರಿಯುವುದೂ ತಪ್ಪು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮಳೆನೀರಿನಲ್ಲಿ ಮುಳುಗಿದಾಗ ಈ ಪಾಠ ಅನೇಕರಿಗೆ ಆಯಿತು. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ, ಒತ್ತಿದರೂ ಕುಗ್ಗದ ನೀರು ಪಿಸ್ಟನ್ನನ್ನು ತಡೆದು ಕನೆಕ್ಟಿಂಗ್ ರಾಡನ್ನು ಬಾಗಿಸಬಹುದು. ವಿಮಾ ಕಂಪನಿಗಳು ಇದನ್ನು ಪ್ರವಾಹದ ಹಾನಿ ಎನ್ನದೆ ಚಾಲಕರ ಕೃತಿಯಿಂದಾದ ಹಾನಿ ಎನ್ನುವುದರಿಂದ, ಎಂಜಿನ್ ರಕ್ಷಣೆಯ ಸೇರ್ಪಡೆ ಇಲ್ಲದವರು “ಒಂದ್ಸಲ ಸೆಲ್ಫ್ ಹೊಡೆದು ನೋಡೋಣ” ಎಂಬ ಕುತೂಹಲವನ್ನು ಹತ್ತಿಕ್ಕಿ ಟೋಯಿಂಗ್ ಗಾಡಿಗೆ ಫೋನು ಮಾಡುವುದೇ ಲೇಸು. ಇಂಥ ಸಂದರ್ಭದಲ್ಲಿ ಕಂಪನಿಗೆ ಕೂಡಲೇ ತಿಳಿಸಿ, ಫೋಟೊ ತೆಗೆದು, ಹಾನಿಯನ್ನು ಅಳೆಯುವ ಸರ್ವೆಯರ್ ಬಂದು ನೋಡುವ ತನಕ ರಿಪೇರಿಗೆ ಕೈ ಹಚ್ಚದಿರುವುದು ಕ್ರಮ; ಕಳವಾದರೆ ಪೊಲೀಸ್ ದೂರು ಅನಿವಾರ್ಯ.

ಇನ್ನು ಬೋನಸ್ಸು ಸೇರಿರುವುದು ಕಾರಿಗಲ್ಲ, ಮಾಲೀಕರಿಗೆ. ಹಳೆಯ ಕಾರು ಮಾರುವಾಗ ಸ್ಟೀರಿಯೊ ಬಿಚ್ಚಿಕೊಳ್ಳಲು ಪರದಾಡುವವರು, ವಿಮಾ ಕಂಪನಿಯಿಂದ ಬೋನಸ್ಸಿನ ಪ್ರಮಾಣಪತ್ರ ಪಡೆದು ಹೊಸ ಕಾರಿಗೆ ಅದನ್ನು ವರ್ಗಾಯಿಸಿಕೊಳ್ಳಬಹುದೆಂಬುದನ್ನು ಮರೆತೇಬಿಡುತ್ತಾರೆ. ಟೈರು ಸವೆದು, ಬಣ್ಣ ಮಾಸಿ, ಐಡಿವಿ ಇಳಿಯುತ್ತಾ ಹೋದಂತೆ ಏರುತ್ತಾ ಹೋಗುವುದು ಇದೊಂದೇ ಆಗಿರುವುದರಿಂದ, ಇದನ್ನು ಕಾಯಲು ತಾಳ್ಮೆಯ ಜೊತೆಗೆ ಕ್ಯಾಲೆಂಡರೂ ಬೇಕು: ಪಾಲಿಸಿಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಗೀರಿನ ಮೇಲೆ ಗೀರು ಸಹಿಸಿ ಗಳಿಸಿದ ಬೋನಸ್ಸು ಕಾರು ಎಲ್ಲಿಯೂ ತಾಗದೆಯೇ ನುಚ್ಚುನೂರಾಗುತ್ತದೆ, ಮತ್ತು ಅದಕ್ಕೆ ಯಾವ ಕಂಪನಿಯ ಸರ್ವೆಯರೂ ಬರುವುದಿಲ್ಲ.