‘ಹೆದರಿದವರ ರೊಕ್ಕ ನನಗ ಬ್ಯಾಡ’: ರೋಣದ ಉಪ್ಪಿನ ಪಾಕೀಟಿನೊಂದಿಗೆ ಒಂದು ಸಂದರ್ಶನ

ಕಿರಾಣಿ ಅಂಗಡಿಯಲ್ಲಿ ಯಾರಿಗೆ ಯಾವ ಜಾಗ ಎಂಬುದನ್ನು ನೋಡಿದರೆ ಅವರವರ ಮಾನ ಗೊತ್ತಾಗುತ್ತದೆ. ಗೋಡಂಬಿಗೆ ಗಾಜಿನ ಬರಣಿ, ಶಾಂಪೂವಿಗೆ ಗಿರಾಕಿಯ ಕಣ್ಣೆದುರಿನ ಹಗ್ಗ. ಉಪ್ಪು ಮಾತ್ರ ಬಾಗಿಲ ಹೊರಗೆ, ಚಪ್ಪಲಿ ಬಿಡುವಲ್ಲಿ. ರಾತ್ರಿ ಅಂಗಡಿ ಮುಚ್ಚುವಾಗಲೂ ಆ ಚೀಲವನ್ನು ಒಳಗೆ ಎಳೆದಿಡುವವರಿಲ್ಲ. ಕಳ್ಳನೂ ಅದನ್ನು ಮುಟ್ಟುವುದಿಲ್ಲ.

ಇಂಥ ಉಪ್ಪಿಗೆ ಕೆಲವು ವರ್ಷಗಳಿಗೊಮ್ಮೆ ಒಂದೆರಡು ದಿನದ ರಾಜಯೋಗ ಒದಗುತ್ತದೆ. ಎಲ್ಲೋ ಅಣುಸ್ಥಾವರ ಸೋರುತ್ತದೆ, ಇನ್ನೆಲ್ಲೋ ಯಾರೋ ‘ಇನ್ನು ಉಪ್ಪು ಸಿಗುವುದಿಲ್ಲವಂತೆ’ ಎನ್ನುತ್ತಾರೆ. ಮುಂದಿನದು ನೂಕುನುಗ್ಗಲು. ಈ ಬಗ್ಗೆ ತಜ್ಞರು ಮಾತಾಡಿದ್ದಾರೆ, ಮಂತ್ರಿಗಳು ಮಾತಾಡಿದ್ದಾರೆ, ಉಪ್ಪನ್ನು ಕೇಳಿದವರಿಲ್ಲ. ಆದ್ದರಿಂದ ಗದಗ ಜಿಲ್ಲೆಯ ರೋಣದ ಒಂದು ಅಂಗಡಿಯ ಕಟ್ಟೆಯ ಮೇಲೆ ಒಂದು ಕಿಲೋ ಪಾಕೀಟಿನ ಎದುರು ಕುಳಿತೆ. ಪಕ್ಕದಲ್ಲಿ ನರಗುಂದ ಕಡೆಯ ಉಳ್ಳಾಗಡ್ಡಿ ಚೀಲವೊಂದು ಬಾಯಿ ತೆರೆದುಕೊಂಡಿತ್ತು.

ನಮಸ್ಕಾರ ಮೇಡಂ.

ಮ್ಯಾಡಮ್ಮು ಗೀಡಮ್ಮು ಬ್ಯಾಡ ತಮ್ಮಾ, ಉಪ್ಪವ್ವ ಅನ್ನು. ನನಗ ಲಕ್ಷ್ಮಿ ಅಂತಾರ. ಕೈಯಿಂದ ಕೈಗೆ ಕೊಡಂಗಿಲ್ಲ, ದೀಪ ಹಚ್ಚಿದಮ್ಯಾಲೆ ಮನಿಯಿಂದ ಹೊರಗ ಕಳಸಂಗಿಲ್ಲ. ಇಡೂದು ಮಾತ್ರ ಚಪ್ಪಲಿ ಬಾಜೂಕ.

ಮೂಲ ಊರು ರೋಣವೇ?

ಹುಟ್ಟಿದ್ದು ಗುಜರಾತಿನ್ಯಾಗ. ದೇಶದ ಉಪ್ಪಿನಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಅಲ್ಲೇ ಹುಟ್ಟತೇತಿ. ಈ ಕಟ್ಟಿ ಮ್ಯಾಲೆ ಕುಂತು ಕುಂತು ಮಾತು ನಿಮ್ಮದು ಬಂತು. ನಮ್ಮ ರಾಜ್ಯದಾಗೂ ಅಕ್ಕತಂಗ್ಯಾರ ಅದಾರ, ಗೋಕರ್ಣದ ಹತ್ತರ ಸಾಣಿಕಟ್ಟಾದಾಗ. 1930ರ ಏಪ್ರಿಲ್ 13ಕ್ಕ ಅಂಕೋಲಾದಾಗ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಾಗ ಮಂದಿ ಬ್ರಿಟಿಷರ ಕಾಯ್ದೆ ಮುರದು ಉಪ್ಪು ಮಾಡಿದ್ರು. ಆವಾಗ ನನ್ನ ಸಲುವಾಗಿ ಜೇಲಿಗೆ ಹೋಗಾಕ ತಯಾರಿದ್ರು. ಈಗ ವಾಟ್ಸಾಪ್ ನೋಡಿ ಓಡಿ ಬರ್ತಾರ.

ವಿಕಿರಣಕ್ಕೂ ನಿಮಗೂ ಹೇಗೆ ನಂಟು ಬಿತ್ತು?

ಅದು 2011ರ ಮಾರ್ಚ್ ತಿಂಗಳದ ಕತಿ. ಹನ್ನೊಂದನೇ ತಾರೀಕಿಗೆ ಜಪಾನಿನ್ಯಾಗ ಭೂಕಂಪ ಆತು, ಸುನಾಮಿ ಬಂತು, ಫುಕುಶಿಮಾದ ಅಣುಸ್ಥಾವರ ಕೆಟ್ಟು ಕುಂತಿತು. ಒಂದು ವಾರ ತುಂಬೂದ್ರೊಳಗ ಚೀನಾದಾಗ ಸುದ್ದಿ ಎದ್ದಿತು: ಅಯೋಡಿನ್ ಉಪ್ಪು ತಿಂದ್ರ ವಿಕಿರಣ ತಟ್ಟಂಗಿಲ್ಲಂತ, ಮುಂದ ಸಮುದ್ರದ ಉಪ್ಪೆಲ್ಲಾ ವಿಷ ಆಗತೇತಂತ. ಅಲ್ಲಿಯವರು ತಿನ್ನೂ ಉಪ್ಪು ಬಹುಪಾಲು ಗಣಿಯಿಂದ, ಸರೋವರದಿಂದ ಬರತೇತಿ. ಅದನ್ನ ಯಾರು ಕೇಳಬೇಕು? ತಾಸು ಎರಡು ತಾಸಿನ್ಯಾಗ ಅಂಗಡಿ ಖಾಲಿ. ವುಹಾನದಾಗ ಒಬ್ಬ ಪುಣ್ಯಾತ್ಮ ಆರೂವರೆ ಟನ್ ಹೇರಿಸಿಕೊಂಡು ಮನೀಗೆ ಬಂದ.

ಆರೂವರೆ ಟನ್?

ಲೆಕ್ಕ ಹಾಕು. ದಿನಕ್ಕ 5 ಗ್ರಾಂ ಒಳಗ ತಿನ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೇತಿ. ಹಂಗ ತಿಂದ್ರ ಒಬ್ಬಾತಗ ಮೂರೂವರೆ ಸಾವಿರ ವರ್ಷಕ್ಕ ಸಾಕಾಗತೇತಿ. ಇಲ್ಲೇ ಸೂಡಿಯ ಜೋಡು ಕಳಸದ ಗುಡಿ ಕಟ್ಟಿ ಸುಮಾರು ಸಾವಿರ ವರ್ಷ ಆತು. ಆ ಗುಡಿಗೆ ಅಡಿಗಲ್ಲು ಹಾಕಿದ ದಿನ ಈತ ಉಣ್ಣಾಕ ಕುಂತಿದ್ರ ಇನ್ನೂ ಮೂರನೇ ಪಾಲೂ ಮುಗೀತಿದ್ದಿಲ್ಲ. ಮುಂದ ಕೆಲವೇ ದಿನದಾಗ ರೇಟ್ ಇಳೀತು. ಕೊಂಡವರು ‘ರೊಕ್ಕ ವಾಪಸ್ ಕೊಡ್ರಿ’ ಅಂತ ಪಾಳಿ ಹಚ್ಚಿದ್ರು. ಹಬ್ಬಕ್ಕ ಕರದು ಊಟಕ್ಕ ಎಬ್ಬಿಸಿ ಕಳಸಿದ್ರು ನೋಡು ನನ್ನ.

ಆದರೆ ಅಯೋಡಿನ್ ವಿಕಿರಣಕ್ಕೆ ಔಷಧ ಎಂಬುದು ಪೂರ್ತಿ ಸುಳ್ಳಲ್ಲವಲ್ಲ?

ಪೂರ್ತಿ ಸುಳ್ಳಾಗಿದ್ರ ಅದು ಅಷ್ಟು ದೂರ ನಡೀತಿದ್ದಿಲ್ಲ. ಕುತ್ತಿಗಿಯೊಳಗಿನ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು, ಚೊಲೋದೋ ಕೆಟ್ಟದ್ದೋ ನೋಡಂಗಿಲ್ಲ, ಹೀರ್ಕೊಂಡು ಬಿಡತೇತಿ. ಸ್ಥಾವರ ಕೆಟ್ಟು ವಿಕಿರಣ ಸೂಸೂ ಅಯೋಡಿನ್-131 ಗಾಳ್ಯಾಗ ಬಂದಾಗ, ಅದಕ್ಕಿಂತ ಮೊದಲ ಚೊಲೋ ಅಯೋಡಿನ್ ಹೋಗಿ ಜಾಗ ಹಿಡಕೊಂಡಿರಬೇಕು. ರೋಣದ ಸ್ಟ್ಯಾಂಡಿನ್ಯಾಗ ಗಜೇಂದ್ರಗಡದ ಬಸ್ಸಿಗೆ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತೀರಲ್ಲ, ಹಂಗ. ಅದಕ್ಕ ಗುಳಿಗಿನೇ ಬ್ಯಾರೆ ಐತಿ, ಪೊಟ್ಯಾಸಿಯಂ ಅಯೋಡೈಡ್ ಅಂತ. ದೊಡ್ಡವರಿಗೆ 130 ಮಿಲಿಗ್ರಾಂ. ಸರಕಾರದವರು ‘ಈಗ ನುಂಗ್ರಿ’ ಅಂದಾಗ ನುಂಗಬೇಕು. ಅದರಾಗ ಅಯೋಡಿನ್ 100 ಮಿಲಿಗ್ರಾಂ ಹತ್ತರ ಇರತೇತಿ. ಈಗ ನನ್ನ ಬೆನ್ನು ತಿರುವಿ ಓದು.

*(ಓದಿದೆ. ಸಣ್ಣ ಅಕ್ಷರ, ಮಡಿಕೆಯಲ್ಲಿ ಅರ್ಧ ಅಳಿಸಿತ್ತು. ಗಿರಾಕಿಯ ಕೈ ಸೇರುವ ಉಪ್ಪಿನಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ ಇರಬೇಕು.)*

ಅಂದ್ರ ಕಿಲೋಕ್ಕ 15 ಮಿಲಿಗ್ರಾಂ. ಆ ಒಂದು ಗುಳಿಗಿಗೆ ಸಮ ಆಗಬೇಕಂದ್ರ ಹೆಚ್ಚು ಕಡಿಮಿ ಆರೂವರೆ ಕಿಲೋ ಉಪ್ಪು ಒಂದೇ ಸಲಕ್ಕ ತಿನಬೇಕು. ಮೊದಲನೇ ಕಿಲೋ ಮುಗಿಯೂದ್ರಾಗ ಮನಿ ಮುಂದ ಚಟ್ಟ ಕಟ್ಟಾಕ ಹತ್ತಿರ್ತಾರ. ವಿಕಿರಣದಿಂದ ಸಾಯಲಿಲ್ಲ ಅನ್ನೂದು ಮಾತ್ರ ಖರೆ ಆಗತೇತಿ.

2023ರಲ್ಲಿ ಮತ್ತೆ ಉಪ್ಪಿಗೆ ಇದೇ ನೂಕುನುಗ್ಗಲು ಆಯಿತಲ್ಲ?

ಆತು. ಆಗಸ್ಟ್ 24ಕ್ಕ ಫುಕುಶಿಮಾದ ಶುದ್ಧ ಮಾಡಿದ ನೀರನ್ನ ಸಮುದ್ರಕ್ಕ ಬಿಡಾಕ ಸುರು ಮಾಡಿದ್ರು. ಬಿಡೂಕಿಂತ ಮೊದಲ ಕೊರಿಯಾದಾಗ ನನ್ನ ರೇಟ್ ಏರಿತ್ತು. ಬಿಟ್ಟಮ್ಯಾಲೆ ಚೀನಾದಾಗ ಮತ್ತ ಖಾಲಿ ಖಾಲಿ. ಆ ನೀರಿನ್ಯಾಗ ಉಳದಿದ್ದು ಮುಖ್ಯ ಟ್ರಿಷಿಯಂ, ಅಂದ್ರ ವಿಕಿರಣ ಸೂಸೂ ಜಲಜನಕ. ಟ್ರಿಷಿಯಂಗೂ ಅಯೋಡಿನ್‌ಗೂ ಸಂಬಂಧಿಲ್ಲ, ಸೀಟ್ ಹಿಡಿದ ಬಸ್ಸೇ ಬ್ಯಾರೆ. ನಿಮ್ಮ ಕೈಗಾದ ಅಣುಸ್ಥಾವರದಾಗೂ 2009ರ ನವೆಂಬರದಾಗ ಕುಡಿಯೂ ನೀರಿನ ಕೂಲರಿಗೆ ಟ್ರಿಷಿಯಂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಕೆಲಸಗಾರರ ಮೈಯಾಗ ಹೋಗಿತ್ತು. ಅದು ಮೈಯಿಂದ ಲಗೂನ ಹೋಗಬೇಕಂದ್ರ ಮಾಡೂದು ಏನು ಗೊತ್ತೈತೇನು? ನೀರು ಹೆಚ್ಚು ಕುಡಿಯೂದು. ನೀರು! ಅದಕ್ಕ ಪಾಳಿ ಹಚ್ಚಿದವರನ್ನ ನಾ ನೋಡಿಲ್ಲ.

ಫುಕುಶಿಮಾ ಕಾಲದಲ್ಲಿ ಮೊಬೈಲಿಗೆ ಒಂದು ಸಂದೇಶವೂ ಬಂದಿತ್ತು...

ಕುತ್ತಿಗಿಗೆ ಬೆಟಾಡಿನ್ ಹಚ್ಚಿಕೊಳ್ಳಿ, ಮಳಿ ಬಂದ್ರ 24 ತಾಸು ಹೊರಗ ಬರಬ್ಯಾಡ್ರಿ, ಅಂತ. ಬಿಬಿಸಿ ಹೆಸರು ಬ್ಯಾರೆ ಹಚ್ಚಿದ್ರು. ಅದು ಏಷ್ಯಾ ತುಂಬ ತಿರುಗಾಡಿತು. ಬೆಟಾಡಿನ್ ಗಾಯಕ್ಕ ಹಚ್ಚೂದು, ವಿಕಿರಣಕ್ಕಲ್ಲ. ಅದಕ್ಕಿಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಒಗೀರಿ, ಚಟಚಟ ಸಪ್ಪಳಾರ ಕೇಳತೇತಿ. ಮತ್ತ ರೋಣದಾಗ ಮಳಿ ಬಂದ್ರ ಮಂದಿ ಒಳಗ ಕುಂದರ್ತಾರೇನು? ಅಂಗಳಕ್ಕ ಬಂದು ನಿಂದರ್ತಾರ!

*(ಇಷ್ಟರಲ್ಲಿ ಉಳ್ಳಾಗಡ್ಡಿ ಚೀಲದೊಳಗಿಂದ ಕೆಮ್ಮಿದ ಸದ್ದು.)*

ಉಳ್ಳಾಗಡ್ಡಿ: ಅಕ್ಕಾ, ನಾ ಒಂದು ಮಾತು ಹೇಳ್ಲಿ? ವಿಕಿರಣ ಖರೇನ ಕೊಡೂದು ನಮಗ. ನಾಸಿಕ ಜಿಲ್ಲಾದ ಲಾಸಲಗಾಂವದಾಗ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿಸಿದ ಘಟಕ ಐತಿ. ಮೊಳಕಿ ಒಡೀಬಾರದು ಅಂತ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸ್ತಾರ. ಅದರಿಂದ ನಾವೇನು ವಿಕಿರಣ ಸೂಸಂಗಿಲ್ಲ, ತಿಂದವರಿಗೂ ಏನಾಗಂಗಿಲ್ಲ.

ಉಪ್ಪವ್ವ: ಇದನ್ನ ಮೆಲ್ಲಕ ಹೇಳೋ ತಮ್ಮಾ. ಅರ್ಧ ಕೇಳಿದವರು ನಾಳೆ ನಿನ್ನ ಮುಟ್ಟಂಗಿಲ್ಲ. 2020ರ ಮಾರ್ಚ್‌ನ್ಯಾಗ ಕೋಳಿ ತಿಂದ್ರ ಕೊರೊನಾ ಬರತೇತಿ ಅಂತ ಎಬ್ಬಿಸಿ ಸಾಕಿದವರನ್ನ ಮಣ್ಣಿಗೆ ಹಾಕಿದ್ರು.

ಉಳ್ಳಾಗಡ್ಡಿ: ಮುಟ್ಟದಿದ್ರ ಈಗಿನಕ್ಕಿಂತ ಏನು ಕೆಡತೇತಿ? 2022ರ ನವೆಂಬರದಾಗ ನಮ್ಮ ಜಿಲ್ಲಾದ ತಿಮ್ಮಾಪುರದ ರೈತ 205 ಕಿಲೋ ಹೇರಿಕೊಂಡು ಬೆಂಗಳೂರಿನ ಯಶವಂತಪುರಕ್ಕ ಹೋದ. ಕ್ವಿಂಟಲಿಗೆ 200 ರೂಪಾಯಿ. ಬಂದಿದ್ದು 410. ಹಮಾಲಿ 24, ಲಾರಿ ಬಾಡಿಗಿ 377 ರೂಪಾಯಿ 64 ಪೈಸೆ. ಕೈಗೆ ಉಳದಿದ್ದು 8 ರೂಪಾಯಿ 36 ಪೈಸೆ. ಆ ಚೀಟಿ ದೇಶದ ತುಂಬ ಫೋನಿನ್ಯಾಗ ಓಡಾಡಿತು. ಅದು ಖರೆ ಸುದ್ದಿ, ಆದ್ರೂ ಅದನ್ನ ನೋಡಿ ಒಬ್ಬರೂ ಉಳ್ಳಾಗಡ್ಡಿ ಕೊಳ್ಳಾಕ ಓಡಲಿಲ್ಲ.

ಉಪ್ಪವ್ವ: ಆ ರೊಕ್ಕಕ್ಕ ನನ್ನ ಒಂದು ಪಾಕೀಟೂ ಬರೂದಿಲ್ಲ ತಗೋ.

ಉಪ್ಪವ್ವ, ನಮ್ಮ ದೇಶದಲ್ಲೂ ನಿಮ್ಮ ಬೆಲೆ ಏರಿದ್ದುಂಟಲ್ಲ.

2016. ನವೆಂಬರ್ ಎಂಟಕ್ಕ ನೋಟು ರದ್ದಾದ್ವು, ಹನ್ನೊಂದರ ರಾತ್ರಿ ದಿಲ್ಲಿ, ಉತ್ತರ ಪ್ರದೇಶದ ಕಡೆ ‘ಉಪ್ಪು ಮುಗೀತಂತ’ ಅಂದ್ರು. ಕಿಲೋಕ್ಕ 200, 400 ಅಂತ ಕೂಗಾಟ. ಹೈದರಾಬಾದಿಗೂ ಬಂತು ಆ ಮಾತು. ಅಲ್ಲಿ ವಿಕಿರಣಾನೂ ಬೇಕಾಗಲಿಲ್ಲ, ಬರೇ ಅಂಜಿಕಿ ಸಾಕಾತು. ಕಿಸೆದಾಗ ನಡಿಯೂ ನೋಟಿಲ್ಲ, ಆದ್ರೂ ಕೊಳ್ಳಬೇಕು! ದೀಪ ಹಚ್ಚಿದಮ್ಯಾಲೆ ನನ್ನ ಕೈಗೆ ಕೊಡಬಾರದು ಅನ್ನೂ ಶಾಸ್ತ್ರ ಅವತ್ತು ಎಲ್ಲಿ ಹೋಗಿತ್ತೋ. ಮೂರು ಕಡೆ ಸಮುದ್ರ ಇರೂ ದೇಶದಾಗ ಉಪ್ಪು ಮುಗೀತೇತಿ ಅಂತ ನಂಬೂದಕ್ಕೂ ಒಂದು ಧೈರ್ಯ ಬೇಕು, ಅದನ್ನ ಮೆಚ್ಚತೇನಿ ನಾ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳಿಂದಲೂ ವಿಕಿರಣ ಬರುತ್ತದೆಂದು ಯಾರಾದರೂ ಹಬ್ಬಿಸಿದರೆ?

ಅವು ಮೋಡ ಓಡಿಸಿ ಮಳಿ ಕೆಡಿಸ್ತಾವ ಅಂತ ಕಟ್ಟಿ ಮ್ಯಾಲಿನ ಮಂದಿ ಮಾತಾಡಿದ್ದು ಕೇಳೇನಿ. ವಿಕಿರಣದ ಮಾತು ಇನ್ನೂ ಬಂದಿಲ್ಲ. ನೀ ಪೇಪರಿನ್ಯಾಗ ಬರೀಬ್ಯಾಡ, ಪ್ರಶ್ನೆ ಬಿಟ್ಟು ಉತ್ತರ ಅಷ್ಟೇ ಫಾರ್ವರ್ಡ್ ಮಾಡ್ತಾರ.

ವಿಕಿರಣಕ್ಕೆ ಹೆದರಲೇಬಾರದು ಎನ್ನುತ್ತೀರಾ?

ಹಂಗ ಎಲ್ಲಿ ಅಂದೆ? ಚೆರ್ನೋಬಿಲ್ ಒಡದಮ್ಯಾಲೆ ಐರ್ಲೆಂಡಿನ ಬೆಣ್ಣಿ ನಮ್ಮ ದೇಶಕ್ಕ ಬಂದಾಗ ಮುಂಬೈಯ ಕೆಲವರು ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟ್ ತಜ್ಞರ ಸಮಿತಿ ಮಾಡಿತು, ಅವರು ನೋಡಿ ‘ತಿನ್ನಬಹುದು’ ಅಂತ ಹೇಳಿದ್ರು. 1988ರಾಗ ತೀರ್ಪು ಬಂತು. ಹೆದರಿದ್ರು, ಕೇಳಿದ್ರು, ಉತ್ತರ ಸಿಕ್ತು. ಹೆದರೂ ರೀತಿ ಅದು. ಅದನ್ನ ನಿಮಗ ಹೇಳಿಕೊಡಬೇಕೇನು? 1980ರ ಜುಲೈ 21ಕ್ಕ ನರಗುಂದದಾಗ ಏನಾತು? ಮಲಪ್ರಭಾದ ನೀರು ಹೊಲಕ್ಕ ಸರಿಯಾಗಿ ಬರಲಾರದ ನೀರಿನ ಕರ, ಅಭಿವೃದ್ಧಿ ಕರ ಯಾಕ ಕಟ್ಟಬೇಕು ಅಂತ ರೈತರು ಕೇಳಿದ್ರು, ಗುಂಡಿಗೆ ಎದಿ ಕೊಟ್ಟರು. ಸರಕಾರ ಕಳಿಸಿದ ನೋಟೀಸಿಗೆ ‘ಯಾಕ’ ಅಂದ ನೆಲ ಇದು. ಹೆಸರಿಲ್ಲದವ ಕಳಿಸಿದ ಮೆಸೇಜಿಗೆ ‘ಯಾರು ಹೇಳಿದ್ರು’ ಅಂತ ಕೇಳಾಕ ಏನು ಕಷ್ಟ?

ನಿಮ್ಮಲ್ಲಿ ವಿಕಿರಣ ಇದೆಯೇ? ನೇರವಾಗಿ ಹೇಳಿ.

ನನ್ನೊಳಗ ಸೋಡಿಯಂ, ಕ್ಲೋರಿನ್. ಇಲ್ಲ ಅಂದ್ರೂ ನಡೀತೇತಿ. ಬಾಳಿಹಣ್ಣಿನ್ಯಾಗ ಐತಿ, ಪೊಟ್ಯಾಸಿಯಂ-40. ‘ಲೋ ಸೋಡಿಯಂ’ ಅಂತ ತುಟ್ಟಿ ಉಪ್ಪು ತಗೋತೀರಲ್ಲ, ಅದರಾಗೂ ಪೊಟ್ಯಾಸಿಯಂ ಇರೂದ್ರಿಂದ ಐತಿ. ಎಲ್ಲಾ ಬಿಡು, ನಿನ್ನ ಮೈಯಾಗ ಐತಿ. 70 ಕಿಲೋ ತೂಕದ ಆಳಿನ್ಯಾಗ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ-40 ಪರಮಾಣು ಒಡೀತಾವ. ಏನೂ ಆಗಂಗಿಲ್ಲ, ಹುಟ್ಟಿದಾಗಿಂದ ಹಂಗೇ ಇದ್ದೀರಿ. ಆದ್ರ ನನಗೂ ನಿನಗೂ ನಡುವ ಹೆದರಿ ದೂರ ಸರೀಬೇಕಾದವರು ಯಾರು ಅಂತ ನೀನ ಹೇಳು.

ಹಾಗಾದರೆ ಇಲ್ಲಿಯ ಜನ ನಿಜವಾಗಿ ಯಾವುದಕ್ಕೆ ಹೆದರಬೇಕು?

ನನ್ನ ಯಾಕ ಕೇಳ್ತಿ, ಬೋರಿನ ನೀರನ್ನ ಕೇಳು. ರೋಣ, ಮುಂಡರಗಿ ಕಡೆ ಹಳ್ಳಿಗೋಳಾಗ ಫ್ಲೋರೈಡ್ ಐತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದ್ರ ಹುಡುಗರ ಹಲ್ಲು ಕಂದು ಆಗ್ತಾವ, ದೊಡ್ಡವರ ಕೀಲು ಹಿಡೀತಾವ. ಅದಕ್ಕ ವದಂತಿ ಬೇಕಾಗಿಲ್ಲ, ನಕ್ಕಾಗ ಕಾಣತೇತಿ. ಕಂಡದ್ದಕ್ಕ ಯಾರು ಓಡ್ತಾರ ಹೇಳು.

ಕೊನೆಯದಾಗಿ ಓದುಗರಿಗೆ ಏನಾದರೂ ಹೇಳುವುದಿದೆಯೇ?

ಐತಿ. ಹೆದರಿದವರ ರೊಕ್ಕ ನನಗ ಬ್ಯಾಡ, ಅದು ಬಂದ ಮರುದಿನ ವಾಪಸ್ ಕೇಳತೇತಿ. 2006ರಿಂದ ಅಯೋಡಿನ್ ಇಲ್ಲದ ಉಪ್ಪು ಊಟಕ್ಕ ಮಾರಬಾರದು ಅಂತ ಕಾನೂನು ಐತಿ, ಅದು ಗಳಗಂಡ ಬರಬಾರದು ಅಂತ, ಹುಡುಗರ ಬುದ್ಧಿ ಬೆಳೀಲಿ ಅಂತ, ವಿಕಿರಣಕ್ಕಲ್ಲ. ಆ ಅಯೋಡಿನ್ನೂ ನೀವು ಬಾಯಿ ತೆರೆದ ಡಬ್ಬಿಯೊಳಗಿಟ್ಟು, ಒಲಿ ಬಾಜೂಕ ಕುಂದ್ರಿಸಿ ಅರ್ಧ ಹಾರಿಸಿ ಬಿಡ್ತೀರಿ. ಒಂದು ಪಾಕೀಟು ಮುಗಿದಮ್ಯಾಲೆ ಇನ್ನೊಂದು ತರ್ರಿ. ಡಬ್ಬಿಗೆ ಮುಚ್ಚಳ ಹಾಕ್ರಿ, ಹಸಿ ಚಮಚ ಒಳಗಿಡಬ್ಯಾಡ್ರಿ. ಪಲ್ಯ ಬೆಂದಮ್ಯಾಲೆ ಉಪ್ಪು ಹಾಕ್ರಿ.