ಕಾಂಪೌಂಡು ಹಾರಿ ಒಳಬಂದವರು

ಶಾಲೆಯೆಂಬ ಸಂಸ್ಥೆ ಹುಟ್ಟಿದಂದಿನಿಂದ ಅದರ ಕಾಂಪೌಂಡು ಗೋಡೆಯನ್ನು ಹಾರಿದವರೆಲ್ಲ ಒಳಗಿನಿಂದ ಹೊರಕ್ಕೆ ಹಾರಿದವರೇ ಆಗಿದ್ದು, ಹೊರಗಿನಿಂದ ಒಳಕ್ಕೆ, ಅದೂ ಗಂಟೆ ಹೊಡೆಯುವ ಜವಾನನಾಗಲಿ ಹಾಜರಿ ಕೂಗುವ ಮೇಷ್ಟರಾಗಲಿ ಇಲ್ಲದ ಶಾಲೆಯನ್ನೇ ಹುಡುಕಿಕೊಂಡು ಹೋಗಿ ಹಾರುವವರ ವರ್ಗ ತೀರ ಇತ್ತೀಚಿನದು. ಕೈಬಿಟ್ಟ ಕಟ್ಟಡಗಳನ್ನು ಹೊಕ್ಕು ಚಿತ್ರ ತೆಗೆಯುವ ಈ ಹವ್ಯಾಸಕ್ಕೆ ಪಶ್ಚಿಮದ ನಗರಗಳಲ್ಲಿ ‘ಅರ್ಬನ್ ಎಕ್ಸ್‌ಪ್ಲೊರೇಶನ್’, ಅಂದರೆ ನಗರಾನ್ವೇಷಣೆ, ಎಂಬ ಹೆಸರಿದೆ. ಅತಿಕ್ರಮ ಪ್ರವೇಶವೆಂಬ ಸಾಧಾರಣ ಅಪರಾಧ ಈ ಹೆಸರಿನ ದೆಸೆಯಿಂದ ಸಂಶೋಧನೆಯ ದರ್ಜೆಗೆ ಏರಿಬಿಡುತ್ತದೆ.

ಈ ವರ್ಗದ ಸ್ವಭಾವವನ್ನು ಅಭ್ಯಾಸ ಮಾಡಲು ಅಮೆರಿಕದ ಡೆಟ್ರಾಯಿಟ್ ನಗರದ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನ ಹಳೆಯ ಕಟ್ಟಡದಷ್ಟು ಅನುಕೂಲವಾದ ನಿದರ್ಶನ ಇನ್ನೊಂದಿಲ್ಲ. ಮೋಟಾರು ಕಾರಿನ ಉದ್ಯಮ ಉಚ್ಛ್ರಾಯದಲ್ಲಿದ್ದಾಗ, ಕಾರ್ಖಾನೆಗಳಿಗೆ ಬೇಕಾದ ಕುಶಲಕರ್ಮಿಗಳನ್ನು ಊರಿನಲ್ಲೇ ತಯಾರಿಸಬೇಕೆಂಬ ಹಂಬಲದಿಂದ 1922ರಲ್ಲಿ ತೆರೆದ ಈ ಎಂಟು ಅಂತಸ್ತಿನ ಕಟ್ಟಡದಲ್ಲಿ ಸಾಲು ಸಾಲು ಪ್ರಯೋಗಾಲಯಗಳೂ ಕಮ್ಮಟಗಳೂ ಇದ್ದವು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಜಗತ್ಪ್ರಸಿದ್ಧನಾದಾಗ ಅವನ ತಾಯಿ ಈ ಶಾಲೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿಯಾಗಿದ್ದರು. ಆ ವರ್ಷದ ವಿದ್ಯಾರ್ಥಿಗಳಿಗೆ ಪಾಠದ ನಡುವೆ ಮೇಡಮ್ಮನವರ ಗಮನವನ್ನು ಬೇರೆಡೆಗೆ ತಿರುಗಿಸಲು ಎಂಥ ಸದವಕಾಶವಿತ್ತೆಂಬುದನ್ನು ಯಾವ ಇತಿಹಾಸಕಾರನೂ ವಿಚಾರಿಸಿದಂತಿಲ್ಲ. ಗಾಯಕಿ ಡಯಾನಾ ರಾಸ್, ಹಾಸ್ಯನಟಿ ಲಿಲಿ ಟಾಮ್ಲಿನ್ ಇಲ್ಲಿ ಓದಿದವರು. ಬಾಗಿಲುಗಳು ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ತೆರೆದುಕೊಳ್ಳುವ ಕಾರನ್ನು ಹೊರತಂದ ಜಾನ್ ಡಿಲೋರಿಯನ್ ಕೂಡ ಇಲ್ಲಿಯವನೇ ಆದ್ದರಿಂದ, ಒಳಗೆ ಹೋಗಲು ಎಲ್ಲರೂ ಬಳಸುವ ದಾರಿಯೇ ಬೇಕೆಂದಿಲ್ಲ ಎಂಬ ತತ್ತ್ವವನ್ನು ಈ ಶಾಲೆ ಮೊದಲಿನಿಂದಲೂ ಒಪ್ಪಿಕೊಂಡಿತ್ತೆನ್ನಬೇಕು.

1950ರಲ್ಲಿ ಹದಿನೆಂಟು ಲಕ್ಷವನ್ನು ಮೀರಿದ್ದ ಡೆಟ್ರಾಯಿಟ್‌ನ ಜನಸಂಖ್ಯೆ, ಕಾರ್ಖಾನೆಗಳು ಸ್ಥಳಾಂತರಗೊಂಡು, ಬಿಳಿಯರು ಉಪನಗರಗಳಿಗೆ ವಲಸೆ ಹೋಗಿ, 2010ರ ಹೊತ್ತಿಗೆ ಏಳು ಲಕ್ಷದ ಆಸುಪಾಸಿಗೆ ಇಳಿಯಿತು. ಜನ ಹೋದಂತೆ ಮಕ್ಕಳೂ ಹೋದರು, ಶಾಲೆಗಳು ಒಂದೊಂದಾಗಿ ಮುಚ್ಚಿದವು. ಆದರೆ ಕ್ಯಾಸ್ ಟೆಕ್ನಿಕಲ್ ಮುಚ್ಚಲಿಲ್ಲ. 2005ರಲ್ಲಿ ಪಕ್ಕದಲ್ಲೇ ಕಟ್ಟಿದ ಹೊಸ ಕಟ್ಟಡಕ್ಕೆ ಹೋಯಿತು, ಅಷ್ಟೆ. ಮನೆ ಬದಲಿಸುವವರು ಹರಿದ ಚಾಪೆಯನ್ನೂ ಬಿಡದೆ ಹೊತ್ತೊಯ್ಯುವುದು ಲೋಕರೂಢಿಯಾದರೂ, ಇಲ್ಲಿ ಮೇಜು, ಪುಸ್ತಕ, ಉಪಕರಣಗಳು ಹೇರಳವಾಗಿ ಹಳೆಯ ಕಟ್ಟಡದಲ್ಲೇ ಉಳಿದವು.

ಕೈಬಿಟ್ಟ ಕಟ್ಟಡವನ್ನು ಮೊದಲು ಪ್ರವೇಶಿಸುವವನು ಛಾಯಾಗ್ರಾಹಕನಲ್ಲ, ಗುಜರಿಗಾಗಿ ಬರುವವನು. ಅವನು ತಾಮ್ರದ ಕೊಳವೆ ಮತ್ತು ತಂತಿಗಳನ್ನು ಕಿತ್ತು ಒಯ್ದ ಬಳಿಕ ಮಳೆಯ ನೀರು ಮನಸ್ಸಿಗೆ ಬಂದ ದಾರಿಯಲ್ಲಿ ಒಳಗಿಳಿಯುತ್ತದೆ. ಉತ್ತರ ಅಮೆರಿಕದ ಚಳಿಗೆ ಹೆಪ್ಪುಗಟ್ಟಿದಾಗ ಅದೇ ನೀರು ಗಾತ್ರದಲ್ಲಿ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗಿ ಗಾರೆಯನ್ನು ಒಡೆಯುತ್ತದೆ, ಅದರ ತೇವ ಮರದ ನೆಲಹಾಸನ್ನು ಅಲೆಅಲೆಯಾಗಿ ಎಬ್ಬಿಸುತ್ತದೆ, ಗೋಡೆಯ ಬಣ್ಣವನ್ನು ಹಪ್ಪಳದಂತೆ ಸುರುಳಿಸುತ್ತದೆ. ಈ ಸುರುಳಿಗಳೇ ಛಾಯಾಗ್ರಾಹಕನ ಪರಮಾನ್ನ. ವಿದ್ಯುದ್ದೀಪಕ್ಕಿಂತ ಹಗಲಿನ ಬೆಳಕನ್ನು ಹೆಚ್ಚು ನಂಬಿದ್ದ ಕಾಲದ ಶಾಲೆಗಳ ಕಿಟಕಿಗಳು ದೊಡ್ಡವಾದ್ದರಿಂದ ಬೆಳಕಿಗೂ ಕೊರತೆಯಿಲ್ಲ. ಕಾರಿಡಾರು ಕತ್ತಲಾಗಿದ್ದರೆ ‘ಲಾಂಗ್ ಎಕ್ಸ್‌ಪೋಷರ್’, ಎಂದರೆ ಕ್ಯಾಮೆರಾದ ಕಣ್ಣನ್ನು ಹಲವು ಕ್ಷಣ ತೆರೆದೇ ಇಟ್ಟು ಇದ್ದ ಬೆಳಕನ್ನೆಲ್ಲ ಕೂಡಿಸಿಕೊಳ್ಳುವ ವಿಧಾನ, ಕೈಹಿಡಿಯುತ್ತದೆ. ಇದಕ್ಕಾಗಿ ಛಾಯಾಗ್ರಾಹಕ ಮುಕ್ಕಾಲಿಯ ಪಕ್ಕದಲ್ಲಿ, ಪಾರಿವಾಳದ ಹಿಕ್ಕೆಯ ನಡುವೆ, ಅಲುಗಾಡದೆ, ಮಾತಾಡದೆ ನಿಲ್ಲಬೇಕಾಗುತ್ತದೆ. ಶಾಲೆಗಳು ತಲೆಮಾರುಗಳಿಂದ ಬೇಡಿಕೊಂಡೂ ಪಡೆಯಲಾಗದ ಶಿಸ್ತು ಪಾಠಗಳೆಲ್ಲ ಮುಗಿದ ಮೇಲೆ ಹೀಗೆ ತಾನಾಗಿ ಲಭ್ಯವಾಗುತ್ತದೆ. ಗುಜರಿಯವನ ವಿಷಯದಲ್ಲಿ ಮಾತ್ರ ಇವನಿಗೆ ತೀವ್ರ ತಿರಸ್ಕಾರ. ಇಬ್ಬರೂ ನುಸುಳಿದ್ದು ಒಂದೇ ಮುರುಕು ಕಿಟಕಿಯಲ್ಲಿ ಎಂಬುದನ್ನೂ, ಅವನು ಕೊಳವೆ ಕೀಳದಿದ್ದರೆ ಇವನ ಬಣ್ಣ ಸುರುಳಿಗಟ್ಟುತ್ತಿರಲಿಲ್ಲ ಎಂಬುದನ್ನೂ ನೆನಪಿಸುವುದು ಸೌಜನ್ಯವೆನಿಸದು.

ಕ್ಯಾಸ್ ಟೆಕ್ನಿಕಲ್‌ನ ಚಿತ್ರಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಛಾಯಾಗ್ರಾಹಕ ಆಂಡ್ರ್ಯೂ ಮೂರ್ ತೆಗೆದ ಗಡಿಯಾರದ ಚಿತ್ರ. ಗೋಡೆಯ ಮೇಲಿದ್ದ ಗಡಿಯಾರದ ಮುಖ ಕರಗಿ ಇಳಿದಿರುವ ಅದನ್ನು ಕಂಡ ವಿಮರ್ಶಕರಿಗೆ, ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ, ಗಡಿಯಾರಗಳು ಬಟ್ಟೆಯಂತೆ ಜೋತುಬಿದ್ದಿರುವ ಚಿತ್ರ ನೆನಪಾಯಿತು. ಮಧ್ಯಾಹ್ನದ ಕೊನೆಯ ಪಿರಿಯಡ್ಡಿನಲ್ಲಿ ಕುಳಿತು ಗಡಿಯಾರ ನೋಡಿದ್ದ ಯಾವನೇ ಹಳೆಯ ವಿದ್ಯಾರ್ಥಿಗೆ ಈ ಹೋಲಿಕೆಯ ಅಗತ್ಯವಿರಲಿಲ್ಲ. ಮುಳ್ಳುಗಳು ಮುಂದೆ ಹೋಗದೆ ಕೆಳಕ್ಕೆ ಜಾರುವುದನ್ನು ಅವನು ಆಗಲೇ ಕಂಡಿದ್ದ.

ಇಂಥ ಚಿತ್ರಗಳ ಸಂಪುಟಗಳು ಹೆಚ್ಚಿದಂತೆ ಡೆಟ್ರಾಯಿಟ್‌ನ ನಿವಾಸಿಗಳು ಬೇಸರಗೊಂಡು, ತಮ್ಮ ಊರಿನ ಸಂಕಟವನ್ನು ಕಾರಣ ಕೇಳದೆ ಕಣ್ತುಂಬ ಸವಿಯುವ ಈ ಚಪಲಕ್ಕೆ ಬಳಕೆಗೆ ಬಂದಿದ್ದ ‘ರೂಯಿನ್ ಪೋರ್ನ್’ ಎಂಬ ಕಟುವಾದ ಹೆಸರನ್ನೇ ಹಿಡಿದು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಚೌಕಟ್ಟಿನೊಳಗೆ ಜನ ಬರಕೂಡದೆಂಬುದು ಈ ಕಲೆಯ ಮೊದಲ ನಿಯಮವಾಗಿದ್ದು, ಮಕ್ಕಳ ನೋಟುಬುಕ್ಕು ಬೇಕು, ಮಕ್ಕಳು ಬೇಡ. ಕಪ್ಪು ಹಲಗೆಯ ಮೇಲೆ ಅರ್ಧ ಅಳಿದ ಲೆಕ್ಕ ಬೇಕು, ಅದನ್ನು ಬಿಡಿಸಲಾರದೆ ನಿಂತವನು ಬೇಡ.

ಬೇಕಾದದ್ದು ಸಿಗದಿದ್ದಲ್ಲಿ ಒದಗಿಸಿಕೊಳ್ಳುವ ಕ್ರಮವೂ ಉಂಟು. ಉಕ್ರೇನಿನ ಪ್ರಿಪ್ಯಾಟ್ ಪಟ್ಟಣ, ಚೆರ್ನೋಬಿಲ್ ಅಣುಸ್ಥಾವರದ ಸ್ಫೋಟದ ಮರುದಿನ, 1986ರ ಏಪ್ರಿಲ್ 27ರಂದು ತೆರವಾದದ್ದು. ಅಲ್ಲಿನ ಒಂದು ಶಾಲೆಯ ನೆಲದ ಮೇಲೆ ಹರಡಿರುವ ಮಕ್ಕಳ ಅನಿಲ ಮುಖವಾಡಗಳ ರಾಶಿ ಲೋಕವಿಖ್ಯಾತ. ವಾಸ್ತವವಾಗಿ ಅವು ಶೀತಲ ಸಮರದ ಕಾಲದ ನಾಗರಿಕ ರಕ್ಷಣೆಯ ಕವಾಯತಿಗಾಗಿ ಸಂಗ್ರಹಿಸಿಟ್ಟಿದ್ದವು, ಆ ದಿನ ಯಾರೂ ತೊಟ್ಟು ಎಸೆದವಲ್ಲ. ಹೊರಕ್ಕೆ ಚೆಲ್ಲಿದವರು ಆಮೇಲೆ ಬಂದವರು. ಕುರ್ಚಿಯ ಮೇಲೆ ಬೊಂಬೆಯನ್ನು ಕೂರಿಸಿ ಅದಕ್ಕೊಂದು ಮುಖವಾಡ ತೊಡಿಸಿದ ಮಹನೀಯನೂ ಪ್ರವಾಸಿಯೇ. ಅಷ್ಟು ದೊಡ್ಡ ದುರಂತಕ್ಕೆ ಬೊಂಬೆಯ ಶಿಫಾರಸು ಬೇಕಾಗಿತ್ತೆಂದು ಅವನಿಗೇಕೆ ತೋರಿತೋ ತಿಳಿಯದು.

ಡೆಟ್ರಾಯಿಟ್‌ನಲ್ಲಿಯೇ ಇದಕ್ಕೆ ವಿರುದ್ಧವಾದ ಮಾರ್ಗವೊಂದು ಹುಟ್ಟಿತು. ‘ಡೆಟ್ರಾಯಿಟ್‌ಅರ್ಬೆಕ್ಸ್’ ಎಂಬ ಹೆಸರಿನಲ್ಲಿ ಕೆಲಸ ಮಾಡಿದವರು ಕ್ಯಾಸ್ ಟೆಕ್ನಿಕಲ್‌ನ ಹಳೆಯ ಚಿತ್ರಗಳನ್ನು ಆರಿಸಿ, ಅವೇ ಕೋಣೆ, ಅವೇ ಕೋನಗಳಲ್ಲಿ ಪಾಳುಬಿದ್ದ ಕಟ್ಟಡದ ಚಿತ್ರ ತೆಗೆದು, ಎರಡನ್ನೂ ಒಂದರೊಳಗೊಂದು ಬೆರೆಸಿದರು. ಕುಸಿದ ಛಾವಣಿಯ ಕೆಳಗೆ ಹಿಂದಿನ ವಿದ್ಯಾರ್ಥಿಗಳು ಮತ್ತೆ ಬಂದು ನಿಂತರು. ಈ ಪ್ರಕಾರದ ಎಲ್ಲ ಚಿತ್ರಗಳಲ್ಲಿ ದೀರ್ಘಕಾಲ ನೋಡಲು ಅರ್ಹವಾದವು ಇವು, ಏಕೆಂದರೆ ಇವುಗಳಲ್ಲಿ ಸುರುಳಿಗಟ್ಟಿದ ಬಣ್ಣದ ಕಡೆ ಯಾರೂ ಗಮನ ಕೊಡುತ್ತಿಲ್ಲ.

ಹಳೆಯ ಕಟ್ಟಡವನ್ನು 2011ರಲ್ಲಿ ಕೆಡವಲಾಯಿತು. ಶಾಲೆ ಹೊಸ ಕಟ್ಟಡದಲ್ಲಿ ನಡೆದುಕೊಂಡೇ ಬಂದಿದ್ದು, ಅಲ್ಲಿ ಕಿಟಕಿಯ ಗಾಜುಗಳೂ ಕೆಲಸ ಮಾಡುವ ಗಡಿಯಾರಗಳೂ ಧಾರಾಳವಾಗಿ ಮಕ್ಕಳೂ ಇರುವುದರಿಂದ ಅನ್ವೇಷಕರ ಆಸಕ್ತಿ ಅತ್ತ ಹರಿದಿಲ್ಲ. ಅದೂ ಅಲ್ಲದೆ ಅಂಥ ಶಾಲೆಯಲ್ಲಿ ಚಿತ್ರ ತೆಗೆಯಬೇಕಾದರೆ ಮುಂಬಾಗಿಲಿನಿಂದ ಹೋಗಿ, ಬಂದ ಕಾರಣವನ್ನು ಹೇಳಿ, ಆಫೀಸಿನಲ್ಲಿ ಅನುಮತಿ ಕೇಳಬೇಕಾಗುತ್ತದೆ.