ಎಂ.ಒ. 1ರ ಹೇಳಿಕೆ

ತಾಲ್ಲೂಕು ಕೋರ್ಟಿನ ಮುದ್ದೆಮಾಲು ಕೋಣೆ. ತುಕ್ಕು ಹಿಡಿದ ಎರಡು ಸೈಕಲ್ಲುಗಳ ನಡುವೆ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ತಾಮ್ರದ ಹಂಡೆಯೊಂದು ಕೂತಿತ್ತು.

ನಮಸ್ಕಾರ ಹಂಡೆಯವರೇ.

ಹಂಡೆ ಅನ್ನಬೇಡಿ. ಅದು ಬಚ್ಚಲಮನೆಯ ಹೆಸರು. ಠಾಣೆಯ ಮಾಲು ಪಟ್ಟಿಯಲ್ಲಿ ಪಿ.ಎಫ್. ನಂಬರಾದೆ, ಇಲ್ಲಿ ಎಂ.ಒ. 1, ಅಂದರೆ ಮುದ್ದೆಮಾಲು ನಂಬರು ಒಂದು.

ಕದ್ದವನು ಯಾರು?

ಅವನು ಸಿಗಲೇ ಇಲ್ಲ. ಸಿಕ್ಕಿದ್ದು ಗುಜರಿ ಅಂಗಡಿಯವನು. ಕಳವಿನ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡ ಅಂತ ಐಪಿಸಿ 411. ಹೆಚ್ಚೆಂದರೆ 3 ವರ್ಷ. 2024ರ ಜುಲೈಯಿಂದ ಆ ಕಲಮಿಗೂ ಹೊಸ ಸಂಹಿತೆಯಲ್ಲಿ 317(2) ಅಂತ ಹೊಸ ನಂಬರು ಬಂದಿದೆ. ನನ್ನದು ಹಳೇ ಕೇಸು.

ಅವನಿಗೆ ಗೊತ್ತಿತ್ತೇ?

ಶಿಕ್ಷೆಯಾದ ಮೇಲೆ ಅವನು ಹಾಕಿದ ಮೇಲ್ಮನವಿ ನಿಂತಿರೋದೇ ಅದರ ಮೇಲೆ. ತೂಕ ಹಾಕಿದ, ದುಡ್ಡು ಎಣಿಸಿದ, ರಶೀದಿ ಕೇಳಲಿಲ್ಲ. ಗುಜರಿಯಲ್ಲಿ ಯಾರು ಕೇಳ್ತಾರೆ? ಕಳವಾದ ಸ್ವಲ್ಪ ದಿನಕ್ಕೇ ಮಾಲು ಕೈಯಲ್ಲಿದ್ದು, ಹೇಗೆ ಬಂತೆಂದು ಹೇಳದಿದ್ದರೆ ಅವನಿಗೆ ಗೊತ್ತಿತ್ತೆಂದು ಕೋರ್ಟು ‘ಊಹಿಸಬಹುದು’ ಅನ್ನುತ್ತೆ ಹಳೇ ಸಾಕ್ಷ್ಯ ಕಾಯ್ದೆಯ 114. ಸ್ವಲ್ಪ ಅಂದರೆ ಎಷ್ಟು ಅನ್ನೋದನ್ನ ಹೇಳಲ್ಲ. ನಾನು ಸಿಕ್ಕಿದ್ದು 8 ತಿಂಗಳಿಗೆ. ವಕೀಲರು ಆ 8 ತಿಂಗಳಿಗೇ ಜೋತುಬಿದ್ದಿದ್ದಾರೆ.

ಮಹಜರು ಸರಿಯಾಗಿತ್ತಲ್ಲ?

ಸಿಕ್ಕಿದ್ದು ಅಂಗಡಿಯ ಹಿತ್ತಲಲ್ಲಿ. ಬೇಲಿಯಿಲ್ಲ, ದನ, ನಾಯಿ, ಮನುಷ್ಯ ಯಾರು ಬೇಕಾದರೂ ಬರಬಹುದು. ಅಂಥ ಬಯಲಲ್ಲಿ ಸಿಕ್ಕಿದ್ದನ್ನು ಆರೋಪಿಯ ಸ್ವಾಧೀನದಲ್ಲಿತ್ತು ಅನ್ನೋದು ಕಷ್ಟ ಅಂತ ಸುಪ್ರೀಂ ಕೋರ್ಟು ತ್ರಿಂಬಕ್ ಪ್ರಕರಣದಲ್ಲಿ ದಶಕಗಳ ಹಿಂದೆಯೇ ಹೇಳಿದೆ. ಇನ್ನು ಪಂಚರು! ಒಬ್ಬರು ಠಾಣೆಯೆದುರಿನ ಟೀ ಅಂಗಡಿಯವರು. ಕಟಕಟೆಯಲ್ಲಿ ನಿಂತು, “ಸಹಿ ನಂದೇ ಸ್ವಾಮಿ, ಮೇಲೇನು ಬರೆದಿದ್ದಾರೋ ಕಾಣೆ” ಅಂದುಬಿಟ್ಟರು. (ಪ್ರತಿಕೂಲ ಸಾಕ್ಷಿ ಎಂಬ ಬಿರುದಿನೊಂದಿಗೆ ಅವರು ಈಗಲೂ ಅಲ್ಲೇ ಟೀ ಕೊಡುತ್ತಿದ್ದಾರೆ.)

ನಿಮ್ಮ ಗುರುತು?

ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಅಜ್ಜಿಯ ಹೆಸರು ಕೊರೆಸಿದೆ. “ಈ ಹೆಸರಿನ ಅಜ್ಜಿಯರು ತಾಲ್ಲೂಕಲ್ಲಿ ಎಷ್ಟಮ್ಮಾ?” ಅಂತ ವಕೀಲರು ಕೇಳಿದರು. ಯಜಮಾನಿ ಉತ್ತರ ಕೊಡಲಿಲ್ಲ. ನನ್ನ ತಳದ ತೇಪೆ ಸವರಿ ನೋಡಿ “ನಮ್ಮದೇ” ಅಂದರು.

ಶಿಕ್ಷೆ ಆಯಿತಲ್ಲ, ಅವನೆಲ್ಲಿ?

30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋದ. ಶಿಕ್ಷೆ ಅಮಾನತಾಯಿತು, ಜಾಮೀನೂ ಸಿಕ್ಕಿತು. ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂತಿದ್ದಾನೆ. ಒಳಗಿರೋದು ನಾನೊಬ್ಬನೇ. ‘ಮೇಲ್ಮನವಿ ತೀರಿದ ನಂತರ ಎಂ.ಒ. 1 ಫಿರ್ಯಾದಿಗೆ’ ಅಂತ ತೀರ್ಪಿನ ಕೊನೇ ಸಾಲು.

ಮಾಲು ಕೊಳೆಯಲು ಬಿಡಬೇಡಿ, ಫೋಟೋ ತೆಗೆದು ಬೇಗ ವಾಪಸು ಕೊಡಿ ಎಂದು ಸುಂದರ್‌ಭಾಯಿ ಪ್ರಕರಣದಲ್ಲಿ 2002ರಲ್ಲೇ ಆದೇಶವಿದೆಯಲ್ಲ?

ಇದೆ. ಆದರೆ ಯಜಮಾನಿ ಅರ್ಜಿ ಹಾಕಬೇಕಿತ್ತು. ಯಾರೂ ಅವರಿಗೆ ಹೇಳಲಿಲ್ಲ.

ಈಗಲಾದರೂ ಹಾಕಬಹುದಲ್ಲ?

ಹಾಕಬಹುದು. ಅವರ ಬಚ್ಚಲಿಗೆ ಗೀಸರ್ ಬಂದಿದೆಯಂತೆ.